ಘಟ್ಟದ ಮೇಲಿನ ಬೀಳ್ಕೊಡುಗೆಯ ಬುತ್ತಿ

ಹಾವೇರಿಯಿಂದ ಹಾನಗಲ್ಲಿನ ಮಾರ್ಗವಾಗಿ ಶಿರಸಿಗೆ ಹೋಗುವ ಪ್ರಯಾಣಿಕನು ಎರಡು ಸೀಮೆಗಳು ಒಂದರೊಳಗೊಂದು ಬೆರೆಯುವುದನ್ನು ಕಣ್ಣಾರೆ ಕಾಣಬಹುದು. ಹಾವೇರಿಯ ಸುತ್ತ ಹತ್ತಿ, ಗೋವಿನಜೋಳ, ಮೆಣಸಿನಕಾಯಿಗಳ ಬಯಲು. ಆಕಾಶವು ನಾಲ್ಕು ದಿಕ್ಕುಗಳಲ್ಲಿಯೂ ನೆಲವನ್ನು ಮುಟ್ಟಿರುವುದು. ಹಾನಗಲ್ಲನ್ನು ದಾಟಿದ ಮೇಲೆ ಭತ್ತದ ಗದ್ದೆಗಳೂ ಕೆರೆಗಳೂ ಹೆಚ್ಚುತ್ತವೆ, ಮಣ್ಣು ಕೆಂಪೇರುತ್ತದೆ, ಮರಗಳು ರಸ್ತೆಯ ಹತ್ತಿರಕ್ಕೆ ಸರಿದು ಬರುತ್ತವೆ. ಶಿರಸಿಯು ಸಮೀಪಿಸುವಷ್ಟರಲ್ಲಿ ಕಣಿವೆಗಳ ತುಂಬ ಅಡಕೆಯ ತೋಟಗಳು. ಅಡಕೆಯ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ. ಅದರ ನೆರಳಿನಲ್ಲಿ ಬಾಳೆ ಮತ್ತು ಏಲಕ್ಕಿ. ಉತ್ತರ ಕನ್ನಡ ಜಿಲ್ಲೆಯ ಈ ಭಾಗವನ್ನು ಜನರು ‘ಘಟ್ಟದ ಮೇಲೆ’ ಎಂದೂ, ಕುಮಟೆ, ಅಂಕೋಲೆಗಳ ಕಡಲತೀರವನ್ನು ‘ಘಟ್ಟದ ಕೆಳಗೆ’ ಎಂದೂ ಕರೆಯುತ್ತಾರೆ.

ಇಲ್ಲಿಗೆ ಬರುವ ಪ್ರವಾಸಿಗಳು ಶಿರಸಿಯ ಮಾರಿಕಾಂಬೆಯ ದರ್ಶನ ಮಾಡುವರು. ಬನವಾಸಿಗೆ ಹೋಗಿ ಕದಂಬರ ಕಾಲದಿಂದ ಪ್ರಸಿದ್ಧನಾದ ಮಧುಕೇಶ್ವರನಿಗೆ ಕೈಮುಗಿಯುವರು. ಮಳೆಗಾಲವಾದರೆ ಜೋಗದ ಜಲಪಾತವನ್ನು ಕಂಡು ಬೆರಗಾಗುವರು. ಇವುಗಳ ವರ್ಣನೆಯನ್ನು ವಾಚಕರು ಅನೇಕ ಸಲ ಓದಿರುವುದರಿಂದ ಅದನ್ನೇ ಮತ್ತೆ ಬರೆಯುವುದು ಪಿಷ್ಟಪೇಷಣವಾದೀತು. ಈ ಸೀಮೆಯಲ್ಲಿ ನಾನು ಕಂಡ ಇನ್ನೊಂದು ವಿಶೇಷವು ಯಾವ ಮಾರ್ಗದರ್ಶಿಕೆಯಲ್ಲಿಯೂ ಸಿಕ್ಕುವಂಥದಲ್ಲ. ಇಲ್ಲಿಯ ಜನರು ತಮ್ಮೊಡನೆ ಕೆಲಸ ಮಾಡಿ ಪರಸ್ಥಳಕ್ಕೆ ಹೊರಟುನಿಂತವರನ್ನು ಕಳುಹಿಸಿಕೊಡುವ ರೀತಿಯೇ ಆ ವಿಶೇಷ. ಗೃಹಸ್ಥರೆಲ್ಲರಿಗೂ ವರ್ಷಕ್ಕೊಂದೆರಡು ಸಲವಾದರೂ ಒದಗುವ ಪ್ರಸಂಗವಿದಾದುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಘಟ್ಟದ ಮೇಲಿನ ಶಾಲೆಗಳಲ್ಲಿ, ಅಂಚೆ ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ ದುಡಿಯುವವರ ಪೈಕಿ ಅನೇಕರು ಬಯಲುಸೀಮೆಯಿಂದ ಬಂದವರು. ಐದಾರು ವರ್ಷ ಇಲ್ಲಿಯ ಮಳೆಯಲ್ಲಿ ನೆನೆದು, ಇಲ್ಲಿಯ ಕುಚ್ಚಕ್ಕಿಯ ಗಂಜಿಗೆ ನಾಲಗೆ ಒಗ್ಗುವಷ್ಟರಲ್ಲಿ ಅವರಿಗೆ ವರ್ಗವಾಗುತ್ತದೆ. ಹೀಗಾಗಿ ಬರುವುದೂ ಹೋಗುವುದೂ ಇಲ್ಲಿ ನಿತ್ಯದ ಸಂಗತಿ. ಹೋಗುವವರಿಗೆ ಏನನ್ನಾದರೂ ಕೈಯಲ್ಲಿಟ್ಟು ಕಳುಹಿಸಬೇಕೆಂಬ ಆಸೆಯು ಎಲ್ಲೆಡೆಯಲ್ಲಿಯೂ ಇರುವಂತೆ ಇಲ್ಲಿಯೂ ಇದೆ. ಅದನ್ನು ನಡೆಸುವ ಕ್ರಮದಲ್ಲಿ ಮಾತ್ರ ಈ ಸೀಮೆಯ ಕೆಲವು ಊರುಗಳು ನಮಗೆಲ್ಲ ಪಾಠ ಹೇಳುವಂತಿವೆ.

ಸಾಮಾನ್ಯವಾಗಿ ನಮ್ಮ ಕಚೇರಿಗಳಲ್ಲಿ ನಡೆಯುವುದೇನೆಂಬುದು ಎಲ್ಲರಿಗೂ ತಿಳಿದದ್ದೇ. ವರ್ಗದ ಆಜ್ಞೆ ಬಂದೊಡನೆ ಒಬ್ಬರು ಕಾಗದವನ್ನು ಹಿಡಿದು ಮೇಜಿನಿಂದ ಮೇಜಿಗೆ ತಿರುಗುವರು. ಇಂತಿಷ್ಟು ವಂತಿಗೆಯೆಂದು ನಿಶ್ಚಯವಾಗುವುದು. ಹೆಚ್ಚಿನ ಸಂಬಳದವರಿಗೂ ಕಡಮೆ ಸಂಬಳದವರಿಗೂ ಒಂದೇ ಮೊತ್ತ. ಕೂಡಿದ ಹಣದಲ್ಲಿ ಒಂದು ಬೆಳ್ಳಿಯ ದೀಪವನ್ನೋ ಗೋಡೆಯ ಗಡಿಯಾರವನ್ನೋ ಕೊಂಡು, ಶಾಲು ಹೊದಿಸಿ, ಭಾಷಣಗಳನ್ನು ಮಾಡಿ ಮುಗಿಸುವರು. ನಾನು ಸೇವೆಯಲ್ಲಿದ್ದ ಒಂದು ಶಾಲೆಯಲ್ಲಿ ಇಂಥ ಸಮಾರಂಭದ ಕೊನೆಗೆ ಯಾರು ಯಾರು ಎಷ್ಟು ಕೊಟ್ಟರೆಂಬ ಪಟ್ಟಿಯನ್ನೇ ಸಭೆಯಲ್ಲಿ ಓದಿದರು. ಬಿಸಿಯೂಟದ ಅಡುಗೆಯಾಕೆಯ ಹೆಸರು ಅದರಲ್ಲಿರಲಿಲ್ಲ. ಆ ದಿನದ ಉಪ್ಪಿಟ್ಟನ್ನೂ ಚಹವನ್ನೂ ಸಿದ್ಧಮಾಡಿದವಳು ಅವಳೇ. ವರ್ಗವಾಗಿ ಹೊರಟವರೊಡನೆ ದಿನಂಪ್ರತಿ ಮಕ್ಕಳಿಗೆ ಅನ್ನ ಬಡಿಸಿದವಳೂ ಅವಳೇ. ಅವಳು ಪಾತ್ರೆ ತೊಳೆಯುವ ನೆಪದಿಂದ ಹಿಂದೆಯೇ ಉಳಿದು ಸಭೆಗೆ ಬರಲೇ ಇಲ್ಲ.

ಸರಕಾರದ ನಿಯಮವು ಈ ವಿಷಯದಲ್ಲಿ ನಮಗಿಂತಲೂ ಮುಂದಾಲೋಚನೆಯುಳ್ಳದ್ದಾಗಿದೆ. ಕೇಂದ್ರ ಸರಕಾರದ ನೌಕರರಿಗೆ ಅನ್ವಯಿಸುವ 1964ರ ನಡತೆ ನಿಯಮಗಳ 14ನೆಯ ನಿಯಮವು, ನಿವೃತ್ತರಾಗುವವರಿಗೆ ಅಥವಾ ವರ್ಗವಾಗಿ ಹೋಗುವವರಿಗೆ ಆಪ್ತರು ಖಾಸಗಿಯಾಗಿ, ಆಡಂಬರವಿಲ್ಲದೆ ಏರ್ಪಡಿಸುವ ಬೀಳ್ಕೊಡುಗೆಗೆ ಅವಕಾಶವನ್ನು ಕೊಟ್ಟಿದೆ. ಆದರೆ ಅದಕ್ಕಾಗಿ ಯಾರ ಮೇಲೂ ವಂತಿಗೆಯ ಒತ್ತಾಯ ಮಾಡಕೂಡದೆಂದು ವಿಧಿಸಿದೆ. ಮೇಲಿನ ದರ್ಜೆಯವರ ಸತ್ಕಾರಕ್ಕಾಗಿ ಕೆಳಗಿನ ಎರಡು ದರ್ಜೆಗಳ ನೌಕರರಿಂದ ಯಾವ ಕಾರಣಕ್ಕೂ ಹಣ ಎತ್ತಕೂಡದೆಂದೂ ಅದರಲ್ಲಿ ಸ್ಪಷ್ಟವಾಗಿ ಹೇಳಿದೆ. ನಿಯಮವು ಒತ್ತಾಯವನ್ನು ತಡೆಯಬಲ್ಲುದು. ಆದರೆ ಹಣವಿಲ್ಲದವನಿಗೂ ಕೊಡುವ ಸಂತೋಷವು ಲಭಿಸಬೇಕಾದರೆ ನಿಯಮವು ಸಾಲದು. ಕೊಡುವ ವಸ್ತುವೇ ಬದಲಾಗಬೇಕು. ಅದು ಹೇಗೆಂಬುದನ್ನು ಸಿದ್ದಾಪುರ ತಾಲ್ಲೂಕಿನ ಒಂದು ಚಿಕ್ಕ ಹಳ್ಳಿಯ ಶಾಲೆಯಲ್ಲಿ ಕಂಡೆನು.

ಕಳೆದ ವರ್ಷದ ಆಷಾಢದಲ್ಲಿ ಬಂಧುಗಳ ಮನೆಗೆಂದು ನಾನು ಆ ಕಡೆಗೆ ಹೋಗಿದ್ದೆ. ಹಳ್ಳಿಯೆಂದರೆ ನಮ್ಮ ಕಡೆಯಂತೆ ಸಾಲು ಸಾಲಾಗಿ ನಿಂತ ಮನೆಗಳಲ್ಲ. ತೋಟಕ್ಕೊಂದು ಮನೆ, ಮನೆಯಿಂದ ಮನೆಗೆ ಒಂದು ಕಾಲುಹಾದಿ, ನಡುವೆ ಹಳ್ಳ, ಹಳ್ಳಕ್ಕೆ ಅಡಕೆಯ ದಬ್ಬೆಯ ಸಂಕ. ಶಾಲೆಯು ಗುಡ್ಡದ ಮಗ್ಗುಲಲ್ಲಿದೆ. ಹೆಂಚಿನ ಮಾಡು, ಕೆಮ್ಮಣ್ಣಿನ ಅಂಗಳ, ಅಂಗಳದ ಮೂಲೆಯಲ್ಲಿ ಹಳೆಯದೊಂದು ಬಕುಳದ ಮರ. ಆ ಶಾಲೆಯಲ್ಲಿ ಹನ್ನೊಂದು ವರ್ಷ ಕಲಿಸಿದ ಉಪಾಧ್ಯಾಯಿನಿಯೊಬ್ಬರಿಗೆ ತಮ್ಮ ತೌರಿನ ಜಿಲ್ಲೆಯಾದ ವಿಜಯಪುರಕ್ಕೆ ವರ್ಗವಾಗಿತ್ತು. ಇಲ್ಲಿಯ ಜನರು ಉಪಾಧ್ಯಾಯರನ್ನು ‘ಮಾಸ್ತರು’ ಎಂದೂ ಉಪಾಧ್ಯಾಯಿನಿಯರನ್ನು ‘ಅಕ್ಕೋರು’ ಎಂದೂ ಕರೆಯುವುದು ರೂಢಿ. ಹಳೆಯ ಮೇಷ್ಟರೆಂಬ ಗೌರವದಿಂದ ನನ್ನನ್ನೂ ಅಕ್ಕೋರ ಬೀಳ್ಕೊಡುಗೆಗೆ ಕರೆದರು.

ವಂತಿಗೆಯ ಕಾಗದವು ಅಲ್ಲಿ ತಿರುಗಿರಲಿಲ್ಲ. ಮುಖ್ಯೋಪಾಧ್ಯಾಯರು ಒಂದೇ ಮಾತನ್ನು ಹೇಳಿದ್ದರಂತೆ: ಕೊಡುವುದನ್ನು ಅಂಗಡಿಯಿಂದ ತರಕೂಡದು, ಮತ್ತು ಅದು ಅಕ್ಕೋರ ಕೈಚೀಲದಲ್ಲಿ ಹಿಡಿಸಬೇಕು. ಈ ಎರಡು ಕಟ್ಟಳೆಗಳಿಂದ ಎಷ್ಟೋ ತೊಡಕುಗಳು ತಾವಾಗಿಯೇ ಬಿಡಿಸಿಹೋಗಿದ್ದವು. ಮನೆಯ ಸಾಮಾನನ್ನೆಲ್ಲ ಕಟ್ಟಿಕೊಂಡು ಇನ್ನೂರೈವತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ಸವೆಸಬೇಕಾದವರಿಗೆ ಭಾರವಾದ ಉಡುಗೊರೆಯು ಇನ್ನೊಂದು ಹೊರೆಯೇ ಹೊರತು ಬೇರೆಯಲ್ಲ.

ಮೊದಲು ಮುಂದೆ ಬಂದವಳು ಅಡುಗೆಯಾಕೆ. ಅವಳ ಕೈಯಲ್ಲಿ ಒಂದು ಗಾಜಿನ ಸೀಸೆ. ಅದರ ತುಂಬ ಅಪ್ಪೆಮಿಡಿಯ ಉಪ್ಪಿನಕಾಯಿ. ಸೀಸೆಯು ಅಕ್ಕೋರದೇ ಆಗಿತ್ತು. ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ಅವರು ಶೇಂಗಾ ಚಟ್ನಿಪುಡಿಯನ್ನು ತಂದು ಶಾಲೆಯವರಿಗೆಲ್ಲ ಹಂಚುತ್ತಿದ್ದರಂತೆ. ತುಂಬಿ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ನಮ್ಮ ಮನೆತನಗಳ ಹಳೆಯ ನಡವಳಿಕೆಯಷ್ಟೆ. “ಅಕ್ಕೋರೇ, ನಿಮ್ಮ ಬದಿಗೆ ಬಿಸಿಲು ಜೋರಂತೆ. ಊಟ ಸೇರದ ದಿನ ಒಂದು ಮಿಡಿ ನೆಂಚಿಕೊಳ್ಳಿ” ಎಂದಳು. ಅಂದು ಸಭೆಯಲ್ಲಿ ಆದ ಭಾಷಣಗಳಲ್ಲೆಲ್ಲ ಇದೇ ಚಿಕ್ಕದು. ಅಕ್ಕೋರು ಕಣ್ಣೊರಸಿಕೊಂಡದ್ದೂ ಇದೊಂದಕ್ಕೇ.

ಅಪ್ಪೆಮಿಡಿಯೆಂಬುದು ಈ ಸೀಮೆಯ ಹೊಳೆದಂಡೆಗಳಲ್ಲಿಯೂ ಕಾಡಂಚುಗಳಲ್ಲಿಯೂ ತಾನಾಗಿ ಬೆಳೆಯುವ ಹುಳಿಮಾವಿನ ಎಳೆಗಾಯಿ. ಶಿರಸಿಯ ಬಳಿ ಹುಟ್ಟಿ ಕುಮಟೆಯ ಹತ್ತಿರ ಕಡಲನ್ನು ಸೇರುವ ಅಘನಾಶಿನಿಯ ದಂಡೆಯ ಮರಗಳ ಮಿಡಿಗಳಿಗೆ ಬಹಳ ಹೆಸರು. ಒಂದೊಂದು ಮರದ ಮಿಡಿಗೂ ಒಂದೊಂದು ಪರಿಮಳ; ಕೆಲವು ಜೀರಿಗೆಯ ವಾಸನೆಯವು, ಕೆಲವು ಕರ್ಪೂರದ ವಾಸನೆಯವು. ಮಾಘ ಫಾಲ್ಗುನಗಳಲ್ಲಿ ಮಿಡಿಯನ್ನು ತೊಟ್ಟುಸಹಿತವಾಗಿ ಕೊಯ್ದು, ಒರಸಿ, ಭರಣಿಯಲ್ಲಿ ಕಲ್ಲುಪ್ಪಿನೊಡನೆ ಪದರು ಪದರಾಗಿ ಹಾಕುವರು. ಹತ್ತು ಹದಿನೈದು ದಿನಗಳಲ್ಲಿ ಮಿಡಿಯು ನೀರು ಬಿಟ್ಟು ಸುಕ್ಕುಗಟ್ಟುವುದು. ಆ ಉಪ್ಪುನೀರನ್ನು ಕುದಿಸಿ, ಆರಿಸಿ, ಸೋಸಿ, ಅದರಲ್ಲಿ ಸಾಸಿವೆ, ಒಣಮೆಣಸು, ಅರಿಸಿನಗಳನ್ನು ಅರೆದು ಕಲಸಿ ಮಿಡಿಗಳನ್ನು ಮತ್ತೆ ಅದರಲ್ಲಿ ಮುಳುಗಿಸುವರು. ಒದ್ದೆಯ ಕೈಯೂ ಒದ್ದೆಯ ಸೌಟೂ ತಗಲದಿದ್ದರೆ ವರ್ಷಗಟ್ಟಲೆ ಕೆಡದು. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಬೆಲೆ ಏರಿದಂತೆ ಕೊಯ್ಲಿನವರು ಅವಸರದಿಂದ ಕೊಂಬೆಗಳನ್ನೇ ಕಡಿದು ಮಿಡಿ ಬಿಡಿಸುವುದುಂಟು; ಇದರಿಂದ ಒಳ್ಳೆಯ ಜಾತಿಯ ಮರಗಳೇ ನಾಶವಾಗುತ್ತಿವೆ. ಮರವನ್ನು ಉಳಿಸಿ ಕೊಯ್ದ ಮಿಡಿಯನ್ನೇ ಕೊಳ್ಳುವುದು ಗೃಹಸ್ಥರ ಧರ್ಮ.

ಶಾಲೆಯ ಜವಾನನು ತಂದದ್ದು ಅಡಕೆಯ ಹಾಳೆಯ ಬೀಸಣಿಗೆ. ತೋಟದಲ್ಲಿ ತಾನಾಗಿ ಉದುರಿದ ಹಾಳೆಯನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಯಿಟ್ಟರೆ ಅದು ತೊಗಲಿನಂತೆ ಮೆತ್ತಗಾಗುವುದು. ಅದನ್ನು ಹರಡಿ, ಮೇಲೆ ಕಲ್ಲು ಹೇರಿ, ಸಮನಾಗಿ ಒಣಗಿಸಿ, ಕತ್ತಿಯಿಂದ ಎಲೆಯ ಆಕಾರಕ್ಕೆ ಕತ್ತರಿಸುವರು. ಹಾಳೆಯ ಕಿರಿದಾದ ತುದಿಯೇ ಹಿಡಿಯಾಗುವುದು. ಇದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ. ಜವಾನನು ಅದರ ಅಂಚಿಗೆ ತನ್ನ ಹೆಂಡತಿಯ ಹಳೆಯ ಸೀರೆಯ ಕೆಂಪು ಸೆರಗಿನ ಪಟ್ಟಿಯನ್ನು ಹೊಲಿಸಿದ್ದನು. ವಿಜಯಪುರದ ವೈಶಾಖದಲ್ಲಿ ವಿದ್ಯುತ್ತು ಹೋದ ಮಧ್ಯಾಹ್ನಗಳನ್ನು ನೆನೆದುಕೊಂಡರೆ ಈ ಉಡುಗೊರೆಯ ಬೆಲೆ ತಿಳಿಯುವುದು.

ಹಿರಿಯ ಉಪಾಧ್ಯಾಯರೊಬ್ಬರು ಮೊದಲು ಕಾಳುಮೆಣಸಿನ ಸಸಿಯನ್ನು ಕೊಡಬೇಕೆಂದಿದ್ದರಂತೆ. ಆ ಬಳ್ಳಿಯು ಬಯಲಿನ ಬಿಸಿಲಿನಲ್ಲಿ ಬದುಕಲಾರದೆಂದು ಅವರ ಪತ್ನಿಯು ತಡೆದು, ತೋಟದ ಮೆಣಸಿನ ಕಾಳನ್ನೇ ಒಣಗಿಸಿ, ಕೈಯಿಂದ ಹೊಲಿದ ಬಟ್ಟೆಯ ಚೀಲದಲ್ಲಿ ತುಂಬಿ, ಜೊತೆಗೆ ಕಷಾಯದ ಪುಡಿಯ ಪೊಟ್ಟಣವನ್ನಿಟ್ಟು ಕಳುಹಿಸಿದ್ದರು. ಉಡುಗೊರೆಯು ಹೊರಡುವ ಊರಿನದಾದರೂ ಸೇರುವ ಊರಿನಲ್ಲಿ ಬಾಳಬಲ್ಲುದಾಗಿರಬೇಕೆಂಬ ಆ ಗೃಹಿಣಿಯ ವಿವೇಕವು ನೆನಪಿನಲ್ಲಿಡತಕ್ಕದ್ದು. ಅವರ ಮನೆಯ ಕಷಾಯದ ಪುಡಿಯ ಅಳತೆಯನ್ನು ಕೇಳಿ ಬರೆದುಕೊಂಡಿದ್ದೇನೆ: ಕೊತ್ತಂಬರಿ ಬೀಜ ನಾಲ್ಕು ಪಾಲು, ಜೀರಿಗೆ ಎರಡು ಪಾಲು, ಮೆಂತ್ಯ ಅರ್ಧ ಪಾಲು, ಕಾಳುಮೆಣಸು ಅರ್ಧ ಪಾಲು, ಒಂದು ತುಂಡು ಒಣಶುಂಠಿ. ಎಲ್ಲವನ್ನೂ ಬೇರೆ ಬೇರೆಯಾಗಿ, ಸಣ್ಣ ಉರಿಯಲ್ಲಿ, ಪರಿಮಳ ಏಳುವಷ್ಟೇ ಹುರಿದು ಪುಡಿಮಾಡಬೇಕು. ಬೆಲ್ಲವನ್ನೂ ಹಾಲನ್ನೂ ಸೇರಿಸಿ ಕುದಿಸಿದರೆ ಚಹಕ್ಕೆ ಬದಲಾಗಿ ಕುಡಿಯಬಹುದು.

ಏಳನೆಯ ತರಗತಿಯ ಹುಡುಗಿಯರು ಬಕುಳದ ಮಾಲೆಯನ್ನು ತಂದಿದ್ದರು. ಅಂಗಳದ ಮರವು ಬೇಸಗೆಯಲ್ಲಿ ಹೂವು ಸುರಿಸುವಾಗ ಬೆಳಗಿನ ಹೊತ್ತು ಆರಿಸಿ, ಬಾಳೆಯ ನಾರಿನಲ್ಲಿ ಕೋದು, ನೆರಳಿನಲ್ಲಿ ಒಣಗಿಸಿಟ್ಟದ್ದು. ಉದುರಿದ ಬಕುಳದ ಹೂವಿನ ನಡುವೆ ತಾನಾಗಿಯೇ ಒಂದು ರಂಧ್ರವಿರುವುದರಿಂದ ಸೂಜಿಯ ಅವಶ್ಯಕತೆಯೂ ಇಲ್ಲ. ಒಣಗಿ ಕಂದುಬಣ್ಣಕ್ಕೆ ತಿರುಗಿದ ಮೇಲೂ ಪರಿಮಳವು ಬಹುಕಾಲ ನಿಲ್ಲುವುದು. ಆದುದರಿಂದ ಹಿಂದಿನವರು ಇದನ್ನು ಸೀರೆಯ ಪೆಟ್ಟಿಗೆಯಲ್ಲಿ ಇಡುತ್ತಿದ್ದರು.

ಆ ಮಾಲೆಯನ್ನು ಕಂಡೊಡನೆ, ಬಹುಕಾಲ ಸಂಸ್ಕೃತವನ್ನು ಪಾಠ ಹೇಳಿದವನಿಗೆ ಕಾಳಿದಾಸನ ಶಾಕುಂತಲದ ನಾಲ್ಕನೆಯ ಅಂಕವು ನೆನಪಿಗೆ ಬಂದದ್ದು ಸಹಜ. ಶಕುಂತಲೆಯು ಪತಿಗೃಹಕ್ಕೆ ಹೊರಡುವ ದಿನ ಆಕೆಯ ಸಖಿಯರು ಏನು ಕೊಟ್ಟರು? ಮಾವಿನ ಕೊಂಬೆಗೆ ತೂಗುಹಾಕಿದ ತೆಂಗಿನ ಕರಟದ ಸಂಪುಟದಲ್ಲಿ ಬಕುಳದ ಮಾಲೆಯೊಂದನ್ನು ಈ ದಿನಕ್ಕೆಂದೇ ಅವರು ಮೊದಲೇ ತೆಗೆದಿಟ್ಟಿದ್ದರು. ಬಹುದಿನ ಕೆಡದೆ ಉಳಿಯುವುದೆಂಬ ಕಾರಣದಿಂದಲೇ ಆ ಹೂವನ್ನು ಆರಿಸಿದ್ದರು. ಅದಕ್ಕೆ ಗೋರೋಚನವನ್ನೂ ತೀರ್ಥದ ಮೃತ್ತಿಕೆಯನ್ನೂ ಗರಿಕೆಯ ಚಿಗುರನ್ನೂ ಸೇರಿಸಿ ಮಂಗಳದ್ರವ್ಯವನ್ನು ಸಿದ್ಧಪಡಿಸಿದರು. ಬೆಲೆಬಾಳುವ ಆಭರಣಗಳು ಆಮೇಲೆ ಬಂದವು; ಅವುಗಳನ್ನು ತೊಡಿಸಲು ಆ ಹುಡುಗಿಯರಿಗೆ ಚಿತ್ರಗಳಲ್ಲಿ ಕಂಡ ಪರಿಚಯವೇ ಆಧಾರವಾಯಿತು. ಮಾಲೆಯಾದರೋ ಅವರ ಸ್ವಂತ ಕೈಯದು. ಅಗಲಿಕೆಯ ದಿನವು ಬಂದೇ ಬರುವುದೆಂದು ಮುಂದಾಗಿ ತಿಳಿದು, ಕೈಯಾರೆ ಮಾಡಿ, ಜೋಪಾನವಾಗಿಟ್ಟು, ವೇಳೆಗೆ ಸರಿಯಾಗಿ ತೆಗೆದುಕೊಡುವುದು: ಬೀಳ್ಕೊಡುಗೆಯ ಉಡುಗೊರೆಗೆ ಇದಕ್ಕಿಂತ ಉತ್ತಮವಾದ ಲಕ್ಷಣವನ್ನು ಯಾವ ಶಾಸ್ತ್ರಕಾರನು ಹೇಳಬಲ್ಲನು? ಸಂಸ್ಕೃತದಲ್ಲಿ ದಾರಿಗೆ ಬೇಕಾದ ಆಹಾರವನ್ನು ಪಾಥೇಯವೆನ್ನುವರು. ನಮ್ಮ ಕನ್ನಡದ ಬುತ್ತಿ. ಹೊರಟವರಿಗೆ ಬುತ್ತಿ ಕಟ್ಟಿಕೊಡುವುದೇ ಈ ಎಲ್ಲ ಉಡುಗೊರೆಗಳ ಮೂಲವೆಂದು ನನಗೆ ತೋರುತ್ತದೆ. ಕುಚೇಲನು ಗುರುಕುಲದ ಗೆಳೆಯನಿಗೆ ಒಯ್ದದ್ದೂ ನೆರೆಮನೆಗಳಿಂದ ಬೇಡಿ ತಂದು ಬಟ್ಟೆಯ ತುಂಡಿನಲ್ಲಿ ಕಟ್ಟಿದ ನಾಲ್ಕು ಹಿಡಿ ಅವಲಕ್ಕಿಯನ್ನೇ ಅಲ್ಲವೆ!

ಆ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದ ತರುಣಿಯು ದೀವರ ಮನೆತನದವಳು. ಈಕೆ ಕೊಟ್ಟದ್ದು ಒಂದು ಹಸೆ ಚಿತ್ತಾರ. ಸಿದ್ದಾಪುರ, ಸಾಗರ, ಸೊರಬಗಳ ಕಡೆ ದೀವರ ಹೆಂಗಸರು ಮದುವೆಯ ಸಮಯದಲ್ಲಿ ಗೋಡೆಯ ಮೇಲೆ ಬರೆಯುವ ಚಿತ್ರವಿದು. ಕೆಮ್ಮಣ್ಣಿನ ಹಿನ್ನೆಲೆ, ನೆನೆದ ಅಕ್ಕಿಯನ್ನು ಅರೆದ ಬಿಳಿಯ ಬಣ್ಣ, ಕಪ್ಪಾಗುವವರೆಗೆ ಹುರಿದ ಅಕ್ಕಿಯಿಂದ ಕರಿಯ ಬಣ್ಣ, ಗುರಿಗೆಕಾಯಿಯಿಂದ ಹಳದಿ. ಕುಂಚವೆಂದರೆ ಪುಂಡಿಯ ನಾರಿನ ಎಳೆಗಳ ಕಟ್ಟು. ನೇರವಾದ ಗೆರೆಗಳನ್ನೂ ತ್ರಿಕೋನಗಳನ್ನೂ ಹೆಣೆಯುತ್ತ ಹೋದಂತೆ ಗೋಡೆಯ ಮೇಲೊಂದು ಮಂಟಪವೇ ಏಳುವುದು. ಆಶ್ವಯುಜದ ಹುಣ್ಣಿಮೆಯಂದು ಆಚರಿಸುವ ಭೂಮಿಹುಣ್ಣಿಮೆಯಲ್ಲಿ ಗದ್ದೆಗೆ ಎಡೆಯನ್ನು ಹೊತ್ತೊಯ್ಯುವ ಭೂಮಣ್ಣಿ ಬುಟ್ಟಿಗೂ ಇದೇ ಬಗೆಯ ಚಿತ್ತಾರವನ್ನು ಬರೆಯುತ್ತಾರೆ. ಅತಿಥಿ ಶಿಕ್ಷಕರ ಗೌರವಧನವು ಎಷ್ಟು ಸ್ವಲ್ಪವೆಂಬುದನ್ನೂ ಅದು ಕೈಸೇರುವುದು ಎಷ್ಟು ತಡವೆಂಬುದನ್ನೂ ನಾನು ಬಿಡಿಸಿ ಹೇಳಬೇಕಾದುದಿಲ್ಲ. ವಂತಿಗೆಯ ಪಟ್ಟಿಯಲ್ಲಾದರೆ ಆಕೆಯ ಹೆಸರು ಕೊನೆಯಲ್ಲಿರುತ್ತಿತ್ತು. ಇಲ್ಲಿಯಾದರೋ, ರಟ್ಟಿನ ಮೇಲೆ ಕೆಮ್ಮಣ್ಣು ಬಳಿದು ಅಜ್ಜಿಯಿಂದ ಕಲಿತ ಗೆರೆಗಳನ್ನು ಎಳೆದು ತಂದ ಅವಳ ಚಿತ್ತಾರವನ್ನು ಎಲ್ಲರೂ ಎದ್ದುನಿಂತು ನೋಡಿದರು. ಊರಿನ ಇತರ ಜಾತಿಗಳ ಹಿರಿಯರು ಅದನ್ನು ಕೈಯಿಂದ ಕೈಗೆ ದಾಟಿಸುತ್ತ, ಇದು ಯಾರ ಮನೆಯ ಗೋಡೆಯ ಮಾದರಿಯೆಂದು ಆದರದಿಂದ ವಿಚಾರಿಸಿದರು.

ಕೊನೆಗೆ ಮಕ್ಕಳೆಲ್ಲ ಸೇರಿ ಒಂದು ಕೈಬರಹದ ಪುಸ್ತಕವನ್ನು ಕೊಟ್ಟರು. ಹಳೆಯ ನೋಟುಪುಸ್ತಕಗಳಲ್ಲಿ ಉಳಿದಿದ್ದ ಖಾಲಿ ಹಾಳೆಗಳನ್ನು ಬಿಡಿಸಿ, ದಾರದಿಂದ ಹೊಲಿದು, ರಟ್ಟು ಕಟ್ಟಿದ್ದರು. ಅಕ್ಕೋರು ಮೊದಲು ಬಂದಾಗ ಅವರಿಗೆ ತಿಳಿಯದೆ ನಗೆಗೆ ಕಾರಣವಾದ ಊರಿನ ಮಾತುಗಳನ್ನೆಲ್ಲ ಒಬ್ಬೊಬ್ಬರು ಒಂದೊಂದು ಪುಟದಲ್ಲಿ ಅರ್ಥಸಹಿತವಾಗಿ ಬರೆದಿದ್ದರು. ಹಿಂದಿನ ಪುಟಗಳಲ್ಲಿ ಅಕ್ಕೋರಿಂದ ತಾವು ಕಲಿತ ವಿಜಯಪುರದ ಕಡೆಯ ಮಾತುಗಳನ್ನು ಸೇರಿಸಿದ್ದರು. ಎರಡು ಸೀಮೆಗಳ ಕನ್ನಡವು ಹನ್ನೊಂದು ವರ್ಷ ಒಂದೇ ಕೋಣೆಯಲ್ಲಿ ಕುಳಿತುದರ ಲೆಕ್ಕವು ಅದರಲ್ಲಿತ್ತು. ಅಂದಿನ ಎಲ್ಲ ಉಡುಗೊರೆಗಳಿಗೆ ಕೂಡಿ ಆದ ಖರ್ಚು ಇನ್ನೂರು ರೂಪಾಯಿಗಳನ್ನು ಮೀರಿರಲಾರದು.

ಸಿದ್ದಾಪುರದಿಂದ ಶಿರಸಿಗೆ ಹಿಂದಿರುಗಿ, ಅಲ್ಲಿಂದ ಉತ್ತರಕ್ಕೆ ಯಲ್ಲಾಪುರದ ಕಡೆಗೆ ಹೋದಾಗ ಇನ್ನೊಂದು ವಿಶೇಷವನ್ನು ನೋಡುವ ಅವಕಾಶವೊದಗಿತು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿ ಜನರು ವಾಸವಾಗಿದ್ದಾರೆ. ಇವರ ಪೂರ್ವಿಕರು ಆಫ್ರಿಕಾ ಖಂಡದಿಂದ ಹಲವು ಶತಮಾನಗಳ ಹಿಂದೆ ಈ ತೀರಕ್ಕೆ ಬಂದವರು. ಅವರಲ್ಲಿ ಬಹುಮಂದಿ ಗುಲಾಮರಾಗಿ ತರಲ್ಪಟ್ಟವರು. ಈ ಜಿಲ್ಲೆಯ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಇವರ ಹೆಂಗಸರು ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿಯುವ ಕೌದಿಗೆ ‘ಕವಂದಿ’ಯೆಂದು ಹೆಸರು. ಬಯಲುಸೀಮೆಯ ಕೌದಿಯನ್ನು ಬಲ್ಲ ವಾಚಕರಿಗೆ ಇದರ ಕ್ರಮವು ಕುತೂಹಲವನ್ನುಂಟುಮಾಡುವುದು. ಹೊಲಿಗೆಯು ಒಂದು ಮೂಲೆಯಿಂದ ಮೊದಲಾಗಿ, ಅಂಚುಗಳನ್ನು ಸುತ್ತುತ್ತ ಸುತ್ತುತ್ತ ಕೊನೆಗೆ ನಟ್ಟನಡುವೆ ಬಂದು ಮುಗಿಯುವುದು. ನಾಲ್ಕು ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ಮುಕ್ಕೋನದ ‘ಹೂವು’ಗಳನ್ನು ಇಟ್ಟು ಹೊಲಿಯಲೇಬೇಕು, ಅವಿಲ್ಲದ ಕವಂದಿಯು ಬರಿಮೈಯದೆಂದು ಅವರ ಭಾವನೆ.

ಕೌದಿಯನ್ನು ನೋಡುತ್ತ ನನಗೆ ತೋರಿದ್ದೇನೆಂದರೆ, ಸಹೋದ್ಯೋಗಿಗಳು ಕೂಡಿ ಕೊಡಬಹುದಾದ ಉಡುಗೊರೆಗಳಲ್ಲಿ ಇದಕ್ಕೆ ಸಮನಾದದ್ದು ಬೇರೊಂದಿಲ್ಲ. ಪ್ರತಿಯೊಬ್ಬರೂ ಮನೆಯಲ್ಲಿರುವ ಹಳೆಯ ಮೆತ್ತನೆಯ ಬಟ್ಟೆಯ ಒಂದೊಂದು ಗೇಣು ತುಂಡನ್ನು ಕೊಟ್ಟರಾಯಿತು. ಅಧಿಕಾರಿಯ ಅಂಗಿಯ ತುಂಡೂ ಕಸಗುಡಿಸುವವಳ ಸೀರೆಯ ತುಂಡೂ ಒಂದೇ ದಾರದಲ್ಲಿ ಕೂಡಿಕೊಳ್ಳುವುವು. ಹೊಲಿಯಬಲ್ಲವರು ಒಬ್ಬರಿದ್ದರೆ ಸಾಕು. ಹೊರಗಿನವರಿಂದ ಹೊಲಿಸಿದರೆ ಅವರ ಮಜೂರಿಯನ್ನು ಚೌಕಾಸಿ ಮಾಡದೆ ಕೊಡತಕ್ಕದ್ದು. ದೊಡ್ಡ ಕೌದಿಗೆ ಬಹಳ ದಿನಗಳು ಬೇಕಾಗುವುದರಿಂದ, ಮಗುವಿಗೆ ಹೊದಿಸುವಷ್ಟು ಚಿಕ್ಕದನ್ನೋ ದಿಂಬಿನ ಮೇಲುಹೊದಿಕೆಯನ್ನೋ ಆರಿಸಿಕೊಂಡರೆ ಒಂದೆರಡು ವಾರದ ಬಿಡುವಿನಲ್ಲಿ ಮುಗಿದೀತು.

ಶಿರಸಿಯಿಂದ ದೇವಿಮನೆಯ ಘಟ್ಟವನ್ನಿಳಿದು ಕುಮಟೆಗೆ ಹೋದರೆ ಗಾಳಿಯೇ ಬೇರೆ, ಬೆವರೇ ಬೇರೆ. ಆ ಕಡೆ ಲಾವಂಚದ ಬೇರನ್ನು ಚೊಕ್ಕಟವಾಗಿ ತೊಳೆದು, ಒಣಗಿಸಿ, ಹಾರಗಳನ್ನೂ ಬೀಸಣಿಗೆಗಳನ್ನೂ ಹೆಣೆಯುತ್ತಾರೆ. ಒಂದು ಹಿಡಿ ಬೇರನ್ನು ಬಣ್ಣದ ದಾರದಿಂದ ಕಟ್ಟಿಕೊಟ್ಟರೂ ಸಾಕು. ಬಟ್ಟೆಯ ನಡುವೆ ಇಡಬಹುದು, ಕುಡಿಯುವ ನೀರಿನ ಮಡಕೆಯಲ್ಲಿ ಹಾಕಬಹುದು. ಘಟ್ಟದ ಮೇಲಿನ ತೊಡದೇವಿನ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಆಲೆಮನೆಯ ಕಾಲದಲ್ಲಿ ಕಬ್ಬಿನ ಹಾಲಿನಲ್ಲಿ ಅಕ್ಕಿಯನ್ನು ಅರೆದು, ಬೋರಲಾಗಿಸಿ ಕಾಯಿಸಿದ ಮಡಕೆಯ ಮೇಲೆ ಬಟ್ಟೆಯಿಂದ ತೆಳ್ಳಗೆ ಬಳಿದು ಎಬ್ಬಿಸುವ ಈ ಸಿಹಿತಿಂಡಿಯು ಕಾಗದಕ್ಕಿಂತ ದಪ್ಪವಿರಲಾರದು. ರುಚಿಗೆ ಎಣೆಯಿಲ್ಲ, ಆದರೆ ಬಸ್ಸಿನ ಕುಲುಕಾಟಕ್ಕೆ ಪುಡಿಪುಡಿಯಾಗುವುದು. ಹತ್ತಿರದ ಊರಿಗೆ ಹೋಗುವವರಿಗೆ ತಗಡಿನ ಡಬ್ಬಿಯಲ್ಲಿಟ್ಟು ಕೊಡಬಹುದು; ದೂರದವರಿಗೆ ಹಲಸಿನ ಹಪ್ಪಳವೇ ವಾಸಿ. ಉಪ್ಪಿನಕಾಯಿಯ ಸೀಸೆಯ ಬಾಯಿಗೆ ಬಟ್ಟೆ ಕಟ್ಟಿ, ಕರಗಿಸಿದ ಮೇಣವನ್ನು ಸುರಿದು, ಸುತ್ತಲೂ ಗೋಣಿಯ ತುಂಡನ್ನು ಸುತ್ತಿಕೊಡುವುದನ್ನು ಮರೆಯಬಾರದು.

ಇಷ್ಟನ್ನೂ ಓದಿ, “ಇವೆಲ್ಲ ತೋಟ ಕಾಡುಗಳಿರುವ ಊರಿನವರಿಗೆ ಸಾಧ್ಯ, ಪಟ್ಟಣದ ಬಾಡಿಗೆ ಮನೆಯಲ್ಲಿರುವ ನಾವೇನು ಮಾಡೋಣ?” ಎಂದು ಕೇಳುವವರು ಇರಬಹುದು. ಪ್ರತಿಯೊಂದು ಸೀಮೆಗೂ ತನ್ನದೇ ಆದ ಬುತ್ತಿಯುಂಟು. ಧಾರವಾಡದ ಕಡೆಯ ಹೆಣ್ಣುಮಕ್ಕಳಿಗೆ ಕಸೂತಿಯು ಬರುವುದು. ಬಟ್ಟೆಯ ಎಳೆಗಳನ್ನು ಎಣಿಸುತ್ತ, ಗಂಟು ಹಾಕದೆ, ಗವಂತಿಯ ಹೊಲಿಗೆಯಿಂದ ಕರವಸ್ತ್ರದ ಮೂಲೆಯಲ್ಲಿ ತುಳಸಿಯ ವೃಂದಾವನವನ್ನೋ ಗೋಪುರವನ್ನೋ ತೆಗೆದರೆ ಅದರ ಎರಡು ಮಗ್ಗುಲುಗಳೂ ಒಂದೇ ಸಮನಾಗಿ ಕಾಣುವುವು. ಬೆಂಗಳೂರಿನ ಕಚೇರಿಯಲ್ಲಿ ಹತ್ತು ಜಿಲ್ಲೆಗಳವರು ಒಂದೆಡೆ ದುಡಿಯುವರು; ಒಬ್ಬೊಬ್ಬರು ತಮ್ಮ ಮನೆಯ ಒಂದೊಂದು ಪುಡಿಯನ್ನು ಚಿಕ್ಕ ಪೊಟ್ಟಣದಲ್ಲಿ ತಂದರೆ ಹೊರಟವರ ಅಡುಗೆಮನೆಯಲ್ಲಿ ನಾಡೇ ನೆರೆಯುವುದು. ಅಡುಗೆಯೂ ಹೊಲಿಗೆಯೂ ಬಾರದವರು ಒಂದು ಪುಟದ ಕಾಗದವನ್ನು ಬರೆಯಬಹುದು. ‘ನಿಮ್ಮ ಗುಣಗಳು ಅಪಾರ’ ಎಂಬಂಥ ಸಭೆಯ ಮಾತು ಬೇಡ. ಹೊರಟವರು ಒಂದು ದಿನ ಮಾಡಿದ ಒಂದು ಉಪಕಾರವನ್ನು ದಿನಸಹಿತವಾಗಿ ಬರೆದರೆ ಅದನ್ನು ಅವರು ಬಹುಕಾಲ ಇಟ್ಟುಕೊಳ್ಳುವರು.

ಕೈಯಿಂದ ಮಾಡಿದ್ದನ್ನು ಕೊಟ್ಟರೆ ಜಿಪುಣತನವೆಂದು ತಿಳಿದಾರೆಂಬ ಅಂಜಿಕೆಯೂ ಕೆಲವರಿಗುಂಟು. ಇದಕ್ಕೆ ಆ ಮುಖ್ಯೋಪಾಧ್ಯಾಯರ ಕಟ್ಟಳೆಯೇ ಸರಿಯಾದ ಮದ್ದು. ಒಬ್ಬರು ಮಾತ್ರ ಮನೆಯಲ್ಲಿ ಮಾಡಿದ್ದನ್ನು ತಂದು ಉಳಿದವರು ಬೆಳ್ಳಿಯನ್ನು ತಂದರೆ ಬಡವನಿಗೆ ಸಂಕೋಚವಾಗುವುದು ಸಹಜ. ಎಲ್ಲರೂ ಮನೆಯದನ್ನೇ ತರಬೇಕೆಂದು ಹಿರಿಯ ಸ್ಥಾನದಲ್ಲಿರುವವರು ಮೊದಲೇ ಹೇಳಿ, ತಾವೂ ಹಾಗೆಯೇ ನಡೆದರೆ ಆ ಸಂಕೋಚಕ್ಕೆ ಎಡೆಯಿಲ್ಲ. ಅನುಕೂಲವುಳ್ಳವರಿಗೆ ಇನ್ನೂ ಹೆಚ್ಚಾಗಿ ಕೊಡಬೇಕೆನಿಸಿದರೆ ಖಾಸಗಿಯಾಗಿ, ಮನೆಗೆ ಹೋಗಿ ಕೊಡಲಿ, ಸಭೆಯಲ್ಲಿ ಬೇಡ.

ಓದುಗರಲ್ಲಿ ಯಾರ ಕಚೇರಿಯಲ್ಲಾದರೂ ಬರುವ ತಿಂಗಳು ಒಬ್ಬರು ಹೊರಡುವವರಿರಬಹುದು. ವಂತಿಗೆಯ ಕಾಗದವನ್ನು ಕೈಗೆತ್ತಿಕೊಳ್ಳುವ ಮ���ದಲು ಆ ಕಚೇರಿಯಲ್ಲಿ ಎಲ್ಲರಿಗಿಂತ ಕಡಮೆ ಸಂಬಳ ಪಡೆಯುವವರು ಯಾರು, ಅವರ ಕೈಗೆ ಯಾವ ಕೆಲಸವು ಚೆನ್ನಾಗಿ ಒಗ್ಗಿದೆಯೆಂಬುದನ್ನು ಒಮ್ಮೆ ವಿಚಾರಿಸಿ ನೋಡಿರಿ. ಬೀಳ್ಕೊಡುಗೆಯ ಏರ್ಪಾಡನ್ನು ಅಲ್ಲಿಂದ ಮೊದಲುಮಾಡಿದರೆ ಸಭೆಯ ದಿನ ಯಾರೂ ಪಾತ್ರೆ ತೊಳೆಯುವ ನೆಪದಿಂದ ಹಿಂದೆ ಉಳಿಯಬೇಕಾಗುವುದಿಲ್ಲ. ಹೊರಟವರ ಬುತ್ತಿಯಲ್ಲಿ ಎಲ್ಲರ ಕೈಯ ರುಚಿಯೂ ಇರುವುದು.